ಮುದ್ದೆಮಾಲಿನಲ್ಲಿದ್ದ ಕಾಕಾ

ಹೋದ ವರ್ಷ ಮಳೆಗಾಲದಲ್ಲಿ ಪಕ್ಕದ ಜಿಲ್ಲೆಯ ಪೊಲೀಸ್ ಠಾಣೆಯೊಂದರಿಂದ ಫೋನ್ ಬಂತು. "2009ರಾಗ ಹುಬ್ಬಳ್ಳ್ಯಾಗ ನಿಮ್ಮದೊಂದು ಲ್ಯಾಪ್‌ಟಾಪ್ ಕಳುವಾಗಿತ್ತಲ್ರೀ ಮೇಡಂ? ಅದು ನಮ್ಮ ಮುದ್ದೆಮಾಲಿನ್ಯಾಗ ಐತ್ರಿ. ಬಂದು ಗುರ್ತು ಹಿಡದು ಅರ್ಜಿ ಕೊಡ್ರಿ" ಎಂದರು ಅಲ್ಲಿನ ಹವಾಲ್ದಾರರು. ಯಾವ ಲ್ಯಾಪ್‌ಟಾಪ್ ಎಂದು ನಾನು ಕೇಳಲಿಲ್ಲ. ಅದರೊಳಗೆ ಯಾರ ಮಾತುಗಳು ಇದ್ದವೆಂಬುದನ್ನು ಇಷ್ಟು ವರ್ಷಗಳಲ್ಲಿ ನಾನು ಮರೆತಿರಲೇ ಇಲ್ಲ.

ಆಗ ನಾನು ಹುಬ್ಬಳ್ಳಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಬಾಗಿಲ ಕೊಂಡಿ ಕಿತ್ತಿತ್ತು. ದೂರು ಬರೆಯುವಾಗ ಬಿಲ್ಲು ನೋಡಿಕೊಂಡು ಯಂತ್ರದ ಸೀರಿಯಲ್ ನಂಬರನ್ನೂ ಬರೆದುಕೊಟ್ಟಿದ್ದೆ. ಕೊನೆಗೆ ಕೆಲಸಕ್ಕೆ ಬಂದದ್ದು ಆ ಒಂದು ಸಾಲು. ಕಳ್ಳ ಸಿಕ್ಕಿಬಿದ್ದದ್ದು ಬೇರೆ ಜಿಲ್ಲೆಯಲ್ಲಿ, ಬೇರೆ ಪ್ರಕರಣದಲ್ಲಿ. ಅವನು ಮಾರಿದ್ದ ಯಂತ್ರಗಳನ್ನು ಕೊಂಡವರ ಮನೆಗಳಿಂದ ತಂದು, ಪಂಚನಾಮೆ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಇಟ್ಟಿದ್ದರು. ನನ್ನದನ್ನು ಆಗಲೇ ಚಾಲೂ ಮಾಡಿ ನೋಡಿದ್ದರಂತೆ. ತೆರೆಯ ಮೇಲೆ ಯಾರದೋ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಜಾಗ. ಯಂತ್ರ ಒಪ್ಪಿಸಿದವರು ಮನೆಯ ಹಿರಿಯರು. ಅದನ್ನು ಬಳಸುತ್ತಿದ್ದ ಹುಡುಗ ಊರಲ್ಲಿರಲಿಲ್ಲ. ಹೀಗಾಗಿ ಅದು ಯಾರದೆಂದು ತಿಳಿಯುವ ದಾರಿ ಅಲ್ಲಿಗೇ ನಿಂತಿತು.

ಕಳುವಿನ ಮಾಲನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು, ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳೊಳಗೆ ಅದರ ವಿಲೇವಾರಿ ಆಗಬೇಕು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕಾಗಿ 451 ಮತ್ತು 457ನೇ ಕಲಮುಗಳಿದ್ದವು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಅವೇ 497 ಮತ್ತು 503 ಆಗಿವೆ. ಆದರೆ ಅದೆಲ್ಲ ಮಾಲಿನ ಒಡೆಯರು ಯಾರೆಂದು ಗೊತ್ತಿದ್ದಾಗಿನ ಮಾತು. ಹೊಸದಾಗಿ ವರ್ಗವಾಗಿ ಬಂದ ಈ ಹವಾಲ್ದಾರರು ವಾರಸುದಾರರಿಲ್ಲದ ಮಾಲುಗಳ ಪಟ್ಟಿ ಮಾಡಲು ಕೂತು, ಯಂತ್ರವನ್ನು ಮಗುಚಿ, ಬ್ಯಾಟರಿ ತೆಗೆದು, ಅದರಡಿಯ ನಂಬರನ್ನು ಓದಿ, ಸುತ್ತಲಿನ ಜಿಲ್ಲೆಗಳ ಹಳೆಯ ಕಳುವಿನ ದೂರುಗಳೊಡನೆ ತಾಳೆ ನೋಡಿದ್ದರು. ಅವರಿಗೆ ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ತಮ್ಮ ಹೆಸರು ಬರೆಯಬೇಡಿರೆಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಕೃತಜ್ಞತೆ ಮಾತ್ರ ಇಲ್ಲಿ ಇರಲಿ.

ನ್ಯಾಯಾಲಯದ ಆದೇಶ ಹಿಡಿದು ಯಂತ್ರವನ್ನು ಮನೆಗೆ ತಂದೆ. ಮಗ್ಗುಲಲ್ಲಿಟ್ಟುಕೊಂಡು ಕೂತಾಗ ನೆನಪಾದದ್ದು ಹುಬ್ಬಳ್ಳಿಯ ಕೋಣೆಯಲ್ಲ, ಗದಗಿನ ಮುದ್ರಣಾಲಯ.

2003ರಲ್ಲಿ ಪಿಯುಸಿ ಮುಗಿಸಿದ ಕೂಡಲೇ ನಾನು ಅಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದೆ. ಗದಗ-ಬೆಟಗೇರಿ ಜೋಡಿ ಊರು. ಬೆಟಗೇರಿಯ ಓಣಿಗಳಲ್ಲಿ ಕೈಮಗ್ಗದ ಸದ್ದು, ಗದಗಿನ ಓಣಿಗಳಲ್ಲಿ ಅಚ್ಚಿನ ಯಂತ್ರಗಳ ಸದ್ದು. ಪಂಚಾಂಗ, ಪುರಾಣ, ಕಂಪನಿ ನಾಟಕದ ಪುಸ್ತಕ, ಮಠದ ಜಾತ್ರೆಯ ಕರಪತ್ರ ಎಲ್ಲ ಅಲ್ಲಿ ಅಚ್ಚಾಗಿ ಉತ್ತರ ಕರ್ನಾಟಕಕ್ಕೆಲ್ಲ ಹೋಗುತ್ತಿದ್ದವು. ನಮ್ಮ ಮುದ್ರಣಾಲಯದ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು, ಅವುಗಳಲ್ಲಿ ಪೇಜ್‌ಮೇಕರ್ ಮತ್ತು ನುಡಿ ತಂತ್ರಾಂಶಗಳು. ನಡುಮನೆಯಲ್ಲಿ ಆಫ್‌ಸೆಟ್ ಯಂತ್ರ. ಹಿತ್ತಲ ಕಡೆಯ ಉದ್ದನೆಯ ಪಡಸಾಲೆಯಲ್ಲಿ ನಿಂತುಹೋದ ಟ್ರೆಡಲ್ಲು, ಗೋಡೆಗೆ ಒರಗಿಸಿದ ಮೊಳೆಯ ಕೇಸುಗಳು, ಅವುಗಳ ನಡುವೆ ಸ್ಟೂಲಿನ ಮೇಲೆ ಕಾಕಾ.

ಅವರು ಅಲ್ಲಿ ಕಂಪೋಜಿಟರ್ ಆಗಿ ಹುಡುಗತನದಲ್ಲೇ ಸೇರಿದವರು. ನಾನು ಸೇರುವ ಹೊತ್ತಿಗೆ ಮೊಳೆ ಜೋಡಿಸುವ ಕೆಲಸ ನಿಂತು ವರ್ಷಗಳಾಗಿದ್ದವು. ಮಾಲಕರು ಅವರನ್ನು ತೆಗೆದುಹಾಕಲಿಲ್ಲ, ಕರಡು ತಿದ್ದಲು ಇಟ್ಟುಕೊಂಡಿದ್ದರು. ಅದಕ್ಕಾಗಿ ಮಾಲಕರನ್ನು ಊರೆಲ್ಲ ಹೊಗಳುತ್ತಿತ್ತು. ನಾನೂ ಹೊಗಳುತ್ತಿದ್ದೆ. ಆಮೇಲೆ ತಿಳಿಯಿತು, ಕರಡು ತಿದ್ದುವವರಿಗೆ ಬೇರೆಡೆ ಸಿಗುತ್ತಿದ್ದ ಸಂಬಳದ ಅರ್ಧವೂ ಕಾಕಾಗೆ ಸಿಗುತ್ತಿರಲಿಲ್ಲವೆಂದು. ದಯೆಯೂ ಲೆಕ್ಕಾಚಾರವೂ ಒಬ್ಬರೇ ಮನುಷ್ಯನಲ್ಲಿ ಇದ್ದವು. ಎರಡನ್ನೂ ಬರೆಯುವುದೇ ಸರಿ.

ಕಾಕಾ ಮೊದಮೊದಲು ನನ್ನೊಡನೆ ಮಾತಾಡುತ್ತಿರಲಿಲ್ಲ. ನನ್ನ ಕೀಲಿಮಣೆಯ ಸದ್ದು ಅವರಿಗೆ ಆಗುತ್ತಿರಲಿಲ್ಲ. ನಾನು ಕೊಟ್ಟ ಕರಡಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದು, ಹಾಳೆಯನ್ನು ನನ್ನ ಮೇಜಿನ ಮೇಲೆ ಒಗೆದು ಹೋಗುತ್ತಿದ್ದರು. ಒಂದು ದಿನ ಲಗ್ನಪತ್ರಿಕೆಯೊಂದರಲ್ಲಿ ವರನ ತಂದೆಯ ಹೆಸರಿನ ಒತ್ತಕ್ಷರ ಬಿಟ್ಟುಹೋದದ್ದನ್ನು ಅವರು ಹಿಡಿಯುವ ಮೊದಲೇ ನಾನು ಹಿಡಿದೆ. ಆವತ್ತು "ಬಾ ಇಲ್ಲೆ ತಂಗಿ" ಎಂದು ಪಡಸಾಲೆಗೆ ಕರೆದು ಕೇಸು ತೋರಿಸಿದರು.

ಇಂಗ್ಲಿಷಿಗೆ ಎರಡು ಕೇಸು ಇದ್ದರೆ ಸಾಕು. ನಮ್ಮಲ್ಲಿ ಕನ್ನಡಕ್ಕೆ ನಾಲ್ಕು ಇದ್ದವು. ಅಕ್ಷರ ಒಂದು ಮನೆಯಲ್ಲಿ, ಅದರ ಒತ್ತು ಇನ್ನೊಂದು ಮನೆಯಲ್ಲಿ, ಗುಡಿಸು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ತುಂಡುಗಳು. ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆ ಎತ್ತಿ, ತಲೆಕೆಳಗಾಗಿ ಎಡದಿಂದ ಬಲಕ್ಕೆ ಜೋಡಿಸಬೇಕು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಕಾಕಾ ಅದನ್ನು ಸಲೀಸಾಗಿ ಓದುತ್ತಿದ್ದರು. ಕೇಸಿನತ್ತ ನೋಡದೆ ಕೈಹಾಕಿದರೂ ಬೆರಳು ಬೇಕಾದ ಮನೆಗೇ ಹೋಗುತ್ತಿತ್ತು. "ಕಣ್ಣು ಪ್ರತಿ ಮ್ಯಾಲ, ಕೈ ಮನಿ ಮ್ಯಾಲ" ಎನ್ನುತ್ತಿದ್ದರು. ಕರಡನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದನ್ನು ನನಗೆ ಕಲಿಸಿದವರು ಅವರೇ. ಹಾಗೆ ಓದಿದರೆ ಅರ್ಥ ನಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ, ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಇಂದಿಗೂ ನಾನು ಹಾಗೆಯೇ ತಿದ್ದುತ್ತೇನೆ.

ಮುದ್ರಣಾಲಯ ಬಿಟ್ಟು ಹುಬ್ಬಳ್ಳಿಗೆ ಬಂದ ಮೇಲೂ ರಜೆಯ ದಿನಗಳಲ್ಲಿ ರೈಲು ಹತ್ತಿ ಗದಗಿಗೆ ಹೋಗುತ್ತಿದ್ದೆ. 2007ರಲ್ಲಿ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಕಾಕಾ ಹೇಳುವುದನ್ನೆಲ್ಲ ಅವರ ಎದುರಿಗೇ ಕೂತು ಟೈಪು ಮಾಡಬೇಕು. ಅವರು ಹೇಳಿದರು, ನಾನು ಬರೆದೆ. ಮೊಳೆಯನ್ನು ಎಲ್ಲಿಂದ ತರಿಸುತ್ತಿದ್ದರು, ಸವೆದ ಮೊಳೆಯನ್ನು ಕರಗಿಸಲು ಹೇಗೆ ತೂಗಿ ಕಳಿಸುತ್ತಿದ್ದರು, ತುರ್ತು ಪರಿಸ್ಥಿತಿಯ ಕಾಲದಲ್ಲಿ ಕರಪತ್ರ ಅಚ್ಚು ಹಾಕಲು ಎಷ್ಟು ಹೆದರುತ್ತಿದ್ದರು, 1997ರಲ್ಲಿ ಧಾರವಾಡದಿಂದ ಗದಗ ಬೇರೆ ಜಿಲ್ಲೆಯಾದಾಗ ಅಂಗಡಿಗಳವರೆಲ್ಲ ತಮ್ಮ ಬಿಲ್ಲುಪುಸ್ತಕದ ಮೇಲಿನ ಜಿಲ್ಲೆಯ ಹೆಸರು ಬದಲಿಸಲು ಓಡಿಬಂದದ್ದು, ಕೊನೆಗೆ ಮೊಳೆಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದು. ಅದನ್ನು ಹೇಳಿದ ದಿನ ಅವರು ಮುಂದೆ ಹೇಳಲಿಲ್ಲ, ಎದ್ದು ಹೋದರು. ಒಂದಿಷ್ಟು ಮಾತನ್ನು ಮೊಬೈಲಿನಲ್ಲಿ ಧ್ವನಿಯಾಗಿಯೂ ಹಿಡಿದು ಅದೇ ಲ್ಯಾಪ್‌ಟಾಪಿಗೆ ಹಾಕಿದ್ದೆ. ಯಂತ್ರ ಕಳುವಾದ ಮೇಲೆ ಮತ್ತೆ ಹೇಳಿ ಎಂದು ಕೇಳಿದಾಗ, "ಒಮ್ಮಿ ಕೇಸು ಬಿದ್ದು ಚೆಲ್ಲಿದ ಮ್ಯಾಲ ಮೊದಲಿನಂಗ ಹೆಂಗ ತುಂಬೂದು ತಂಗಿ" ಅಂದುಬಿಟ್ಟರು. ಆಗಲೇ ಆರೋಗ್ಯ ಕೆಟ್ಟಿತ್ತು. 2011ರಲ್ಲಿ ತೀರಿಕೊಂಡರು.

ಲ್ಯಾಪ್‌ಟಾಪನ್ನು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ, ಆ ಯಂತ್ರ ಕಳುವಾದಾಗ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಿರಬೇಕು, ಮೊದಲು ಕೇಳಿದ್ದು ನ್ಯಾಯಾಲಯದ ಆದೇಶದ ಪ್ರತಿ. "ತಪ್ಪು ತಿಳ್ಕೊಬ್ಯಾಡ್ರಿ ಅಕ್ಕಾರ. ಪಾಸ್‌ವರ್ಡ್ ಗೊತ್ತಿಲ್ಲದ ಯಂತ್ರ ಕಾಗದ ಇಲ್ಲದ ನಾ ಮುಟ್ಟಂಗಿಲ್ಲ." ಇಂಥ ಹುಡುಗರು 2009ರಲ್ಲಿ ಇನ್ನಷ್ಟು ಮಂದಿ ಇದ್ದಿದ್ದರೆ ಕದ್ದ ಮಾಲು ಮಾರುವವರಿಗೆ ಕಷ್ಟವಾಗುತ್ತಿತ್ತು. ಆದೇಶ ಓದಿ, ಫೋಟೊ ತೆಗೆದುಕೊಂಡು, ಆಮೇಲೆ ಕೂತ.

ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಅದಕ್ಕೆ ಬೆಂಬಲ ಕೊಡುವುದನ್ನು ನಿಲ್ಲಿಸಿತು. ಎಕ್ಸ್‌ಪಿ ಪಾಸ್‌ವರ್ಡನ್ನು ಇದ್ದ ಹಾಗೆ ಬರೆದಿಟ್ಟುಕೊಳ್ಳುವುದಿಲ್ಲ, ಗಣಿತದ ಒಂದು ಕ್ರಿಯೆಯಿಂದ ಅದನ್ನು ಮತ್ತೊಂದು ಸಂಖ್ಯೆಯಾಗಿಸಿ ಇಡುತ್ತದೆ. ಆ ಸಂಖ್ಯೆಯಿಂದ ಹಿಂದಕ್ಕೆ ಹೋಗಿ ಮೂಲ ಪದವನ್ನು ತೆಗೆಯಲು ನೇರ ದಾರಿಯಿಲ್ಲ. ಆದರೆ ಹಳೆಯ ಪದ್ಧತಿಯೊಂದನ್ನೂ ಅದು ಜೊತೆಗೆ ಉಳಿಸಿಕೊಂಡಿತ್ತು. ಪಾಸ್‌ವರ್ಡಿನ ಅಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡಿ, ಏಳೇಳರ ಎರಡು ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೇರೆಯಾಗಿ ಇಡುವ ಪದ್ಧತಿ. ಏಳು ಅಕ್ಷರದ ತುಂಡು ಇಂದಿನ ಕಂಪ್ಯೂಟರಿಗೆ ಏನೇನೂ ಅಲ್ಲ. ಮೊದಲೇ ಲೆಕ್ಕಹಾಕಿಟ್ಟ ಕೋಷ್ಟಕಗಳಿವೆ, ಅವುಗಳಲ್ಲಿ ಹುಡುಕಿದರೆ ಪದ ಸಿಕ್ಕೇ ಸಿಗುವ ಸಂಭವ ಹೆಚ್ಚು. ಹುಡುಗ ಮೊದಲು ಹೇಳಿದ ದಾರಿ ಇದು.

ನಾನು ಬೇಡವೆಂದೆ. ಆ ಪಾಸ್‌ವರ್ಡು ನನ್ನದಲ್ಲ. ಯಂತ್ರ ನನ್ನದೇ ಇರಬಹುದು, ಆದರೆ ಆ ಪದವನ್ನು ಯೋಚಿಸಿ ಇಟ್ಟವನು ಇನ್ನೊಬ್ಬ. ಜನ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸುತ್ತಾರೆ, ವರ್ಷಗಟ್ಟಲೆ ಬದಲಿಸುವುದಿಲ್ಲ. ಅವನು ಇಂದಿಗೂ ಅದನ್ನೇ ಬ್ಯಾಂಕಿಗೋ ಮೇಲಿಗೋ ಇಟ್ಟುಕೊಂಡಿದ್ದರೆ, ಅದು ನನಗೆ ಗೊತ್ತಾಗಬೇಕಾದ ಸಂಗತಿಯೇ ಅಲ್ಲ.

ಇನ್ನೊಂದು ದಾರಿ ಆ ಸಂಖ್ಯೆಯನ್ನೇ ಅಳಿಸಿ ಪಾಸ್‌ವರ್ಡು ಇಲ್ಲದಂತೆ ಮಾಡುವುದು. ನಾರ್ವೆಯ ಪೆಟರ್ ನಾರ್ಡಾಲ್-ಹಾಗೆನ್ ಎಂಬುವರು 1997ರಲ್ಲಿ ಬರೆದ ಪುಟ್ಟ ತಂತ್ರಾಂಶವೊಂದು ಈ ಕೆಲಸಕ್ಕೆ ಜಗತ್ತಿನಾದ್ಯಂತ ಪ್ರಸಿದ್ಧ. ಇದರಲ್ಲಿ ಒಂದು ಅಪಾಯವಿದೆ. ವಿಂಡೋಸಿನ ಒಳಗಿನ ಸೌಲಭ್ಯದಿಂದ ಯಾರಾದರೂ ಕಡತಗಳನ್ನು ಗೂಢಲಿಪೀಕರಿಸಿ ಇಟ್ಟಿದ್ದರೆ, ಹೀಗೆ ಬಲವಂತದಿಂದ ಪಾಸ್‌ವರ್ಡ್ ಅಳಿಸಿದಾಗ ಆ ಕಡತಗಳು ಸಾಮಾನ್ಯವಾಗಿ ಮತ್ತೆ ತೆರೆಯುವುದಿಲ್ಲ. ಹಳೆಯ ಯಂತ್ರ ಸಿಕ್ಕ ಖುಷಿಯಲ್ಲಿ ಅಂಗಡಿಗೆ ಓಡಿ "ಪಾಸ್‌ವರ್ಡ್ ತೆಗೀರಿ" ಎನ್ನುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ನಾವು ಆರಿಸಿಕೊಂಡದ್ದು ವಿಂಡೋಸನ್ನು ಎಬ್ಬಿಸದೇ ಇರುವ ದಾರಿ. ಹುಡುಗ ತಿರುಪು ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರಗೆಳೆದ. ಎರಡೂವರೆ ಇಂಚಿನದು, ಈಗ ಯಾರೂ ಬಳಸದ 44 ಪಿನ್ನಿನ ಜೋಡಣೆಯದು. ಅದಕ್ಕೆ ತಕ್ಕ ಅಡಾಪ್ಟರ್ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬರಬೇಕಾಯಿತು. ಬಂದ ಮೇಲೆ ಲಿನಕ್ಸ್ ಇರುವ ಕಂಪ್ಯೂಟರಿಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ತೆಗೆದ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಬೇಗ ಓದಿಕೊಳ್ಳುತ್ತದೆ, ಕೆಟ್ಟ ಜಾಗಗಳ ಗುರುತು ಬರೆದಿಟ್ಟುಕೊಂಡು ಆಮೇಲೆ ಅವುಗಳ ಹತ್ತಿರ ಮರಳಿ ಹೋಗುತ್ತದೆ. ಮುದಿ ಡಿಸ್ಕು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು, ಅದಕ್ಕೇ ಈ ಕ್ರಮ. ನಕಲು ಸಿಕ್ಕ ಮೇಲೆ ಮೂಲ ಡಿಸ್ಕನ್ನು ತೆಗೆದಿಟ್ಟು, ನಕಲಿನಲ್ಲೇ ಹುಡುಕಿದೆವು. ವಿಂಡೋಸಿನ ಪಾಸ್‌ವರ್ಡು ವಿಂಡೋಸಿನ ಬಾಗಿಲಿಗೆ ಮಾತ್ರ. ಡಿಸ್ಕಿನ ಮೇಲಿನ ಕಡತಗಳನ್ನು ಲಿನಕ್ಸ್ ನೇರವಾಗಿ ಓದಿತು.

ಇವತ್ತಿನ ಲ್ಯಾಪ್‌ಟಾಪಾಗಿದ್ದರೆ ಇದು ಸಾಧ್ಯವಿರಲಿಲ್ಲ. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಇಡೀ ಡಿಸ್ಕೇ ಗೂಢಲಿಪಿಯಲ್ಲಿರುತ್ತದೆ. ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ಒಂದು ಕೀಲಿ ಬೇಕು, ಅದು ಇಲ್ಲದಿದ್ದರೆ ಡಿಸ್ಕು ಹೊರಗೆಳೆದೂ ಪ್ರಯೋಜನವಿಲ್ಲ. ಇದು ಒಳ್ಳೆಯದೇ, ಕಳ್ಳನಿಗೂ ನಮ್ಮ ಬದುಕು ಕಾಣುವುದಿಲ್ಲ. ಆದರೆ ಆ ಕೀಲಿಯನ್ನು ಮನೆಯವರಾರಿಗೂ ಹೇಳದೆ ತೀರಿಕೊಂಡವರ ಬರಹ, ಫೋಟೊ, ಲೆಕ್ಕ ಎಲ್ಲ ಅವರೊಡನೆಯೇ ಹೋಗುತ್ತವೆ.

ಡಿಸ್ಕಿನಲ್ಲಿ ಇನ್ನೊಬ್ಬನ ಬದುಕಿತ್ತು. ಕಡತಕೋಶಗಳ ಹೆಸರುಗಳಿಂದಲೇ ತಿಳಿಯಿತು, ಅವನು ವಿದ್ಯಾರ್ಥಿ. ಸೆಮಿಸ್ಟರುಗಳ ಹೆಸರು, ಪ್ರಾಜೆಕ್ಟು, ಅರ್ಜಿಗಳು, ಅಕ್ಕನ ಮದುವೆ. ಕದ್ದ ಮಾಲೆಂದು ತಿಳಿದು ಕೊಂಡನೋ, ತಿಳಿಯದೆಯೋ. ಕಡಿಮೆ ಬೆಲೆಗೆ ಬಿಲ್ಲಿಲ್ಲದೆ ಲ್ಯಾಪ್‌ಟಾಪ್ ಸಿಕ್ಕಾಗ ಕೇಳಬೇಕಾದ ಪ್ರಶ್ನೆಯನ್ನು ಅವನ ಮನೆಯ ಹಿರಿಯರಾದರೂ ಕೇಳಬೇಕಿತ್ತು ಎಂದು ನನಗೆ ಸಿಟ್ಟಿದೆ. ಅದರ ಜೊತೆಗೇ ಇನ್ನೊಂದು ಸಂಗತಿ ಹೇಳಬೇಕು. ನನ್ನ ಬರಹಗಳನ್ನು ಅವನು ಅಳಿಸಿರಲಿಲ್ಲ. 'ಓಲ್ಡ್' ಎಂಬ ಕೋಶ ಮಾಡಿ ಎಲ್ಲವನ್ನೂ ಅದರೊಳಗೆ ಸೇರಿಸಿಟ್ಟಿದ್ದ. ಜಾಗ ತಿನ್ನುತ್ತಿದ್ದ ಧ್ವನಿ ಕಡತಗಳನ್ನು ಮಾತ್ರ ತೆಗೆದಿದ್ದ. ಅವನ ಕೋಶಗಳನ್ನು ನಾವು ತೆರೆಯಲಿಲ್ಲ. ನನ್ನದನ್ನಷ್ಟೇ ತೆಗೆದುಕೊಂಡು, ಅವನದನ್ನು ಅವನಿಗೆ ತಲುಪಿಸಲು ಆದೀತೇ ಎಂದು ಹವಾಲ್ದಾರರ ಮೂಲಕ ಕೇಳಿಸಿದೆ. ಬೇಡ, ಅಳಿಸಿಬಿಡಿ ಎಂಬ ಉತ್ತರ ಬಂತು. ಕೆಲಸವೆಲ್ಲ ಮುಗಿದ ಮೇಲೆ ಅಳಿಸಿಬಿಟ್ಟೆವು.

ಅಳಿಸಿದ ಧ್ವನಿಗಳನ್ನು ಫೋಟೊರೆಕ್ ಎಂಬ ತಂತ್ರಾಂಶದಿಂದ ಹುಡುಕಿದೆವು. ಕಡತವನ್ನು ಅಳಿಸಿದಾಗ ಡಿಸ್ಕಿನಿಂದ ಕೂಡಲೇ ಹೋಗುವುದಿಲ್ಲ, ಆ ಜಾಗ ಖಾಲಿ ಎಂದು ಗುರುತಾಗುತ್ತದೆ ಅಷ್ಟೆ. ಅದರ ಮೇಲೆ ಬೇರೊಂದು ಬರೆದಾಗಲೇ ನಿಜವಾಗಿ ಹೋಗುವುದು. ಸಿಕ್ಕದ್ದು ತುಂಡುಗಳು. ಹೆಸರಿಲ್ಲ, ಬರೀ ಅಂಕಿ. ಒಂದರಲ್ಲಿ ಕಾಕಾ ಕೆಮ್ಮಿ, "ಬರಕೊಂಡಿಯೇನು?" ಎಂದು ಕೇಳುತ್ತಾರೆ. ಹಿಂದೆ ಆಫ್‌ಸೆಟ್ ಯಂತ್ರದ ಸದ್ದು. ಅಷ್ಟೇ.

ಬರಹದ ಕಡತಗಳು ಪೂರ್ತಿ ಇದ್ದವು. ತೆರೆದರೆ ಕನ್ನಡದ ಒಂದಕ್ಷರವಿಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತದೇ ಎ, ಜರ್ಮನ್ನರ ಎಸ್, ಆಮೇಲೆ ಕ್ಯೂ, ಮತ್ತದೇ ಎ. ಈ ಸಾಲನ್ನು ಹಳೆಯ ನುಡಿ ಫಾಂಟಿನಲ್ಲಿ ನೋಡಿದರೆ 'ಕನ್ನಡ' ಎಂದು ಕಾಣುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅದು ಪುಟಗಟ್ಟಲೆ ಗೊಂದಲ. ಅಂಗಡಿಯ ಹುಡುಗ ಡಿಸ್ಕು ಕೆಟ್ಟಿದೆ ಎಂದೇ ತಿಳಿದು ನೊಂದುಕೊಂಡ. ಅವನಿಗಿಂತ ಹಿಂದಿನ ಡಿಟಿಪಿಯವರಿಗೆ ಇದು ನಿತ್ಯದ ನೋಟ.

ಬರಹ ಎಂಬ ಕನ್ನಡ ತಂತ್ರಾಂಶ ಬಂದದ್ದು 1998ರಲ್ಲಿ, ಶೇಷಾದ್ರಿ ವಾಸು ಅವರಿಂದ. ಸ್ವಲ್ಪ ಕಾಲದಲ್ಲೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಸರ್ಕಾರಿ ಕಚೇರಿಯಿಂದ ಹಿಡಿದು ಲಗ್ನಪತ್ರಿಕೆಯ ಅಂಗಡಿಯವರೆಗೆ ಹರಡಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಕನ್ನಡ ಬೆರಳಿಗೆ ಹಗುರವಾಯಿತು. ಇವರೆಲ್ಲ ಮಾಡಿದ ಕೆಲಸಕ್ಕೆ ಕನ್ನಡ ಓದುವ ಪ್ರತಿಯೊಬ್ಬರೂ ಋಣಿಗಳು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು: ಅಕ್ಷರದ ದೇಹ ಒಂದು ಕಡೆ, ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ. ಕಾಕಾನ ಕೇಸಿನ ಮನೆಗಳೇ ಕಂಪ್ಯೂಟರಿನೊಳಕ್ಕೆ ಬಂದಿದ್ದವು. ಅವರು ದ್ವೇಷಿಸಿದ ಯಂತ್ರ ಅವರದೇ ರೀತಿಯಲ್ಲಿ ಕೆಲಸ ಮಾಡುತ್ತಿತ್ತೆಂಬುದನ್ನು ಅವರಿಗೆ ತೋರಿಸಿ ಹೇಳಿದ್ದೆ. ಬಹಳ ಹೊತ್ತು ತೆರೆಯನ್ನೇ ನೋಡಿ, "ಹಂಗಾರ ನಮ್ಮದೇನ ತಪ್ಪಿಲ್ಲ" ಎಂದಿದ್ದರು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಪ್ರತ್ಯೇಕ ಜಾಗವಿದೆ. ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಫಾಂಟೂ ಇತ್ತು. ಆದರೆ ಪೇಜ್‌ಮೇಕರಿಗೆ ಅದು ಒಗ್ಗುತ್ತಿರಲಿಲ್ಲ, ಮುದ್ರಣಾಲಯಗಳು ಹಳೆಯ ಫಾಂಟುಗಳನ್ನು ಬಿಡಲಿಲ್ಲ. ಈ ಕಾರಣದಿಂದ ಎರಡು ದಶಕಗಳ ಕನ್ನಡ ಪುಸ್ತಕಗಳ, ವಾರಪತ್ರಿಕೆಗಳ, ಸ್ಮರಣ ಸಂಚಿಕೆಗಳ ಮೂಲ ಕಡತಗಳು ಇವತ್ತು ಹುಡುಕಿದರೆ ಸಿಗದ, ತೆರೆದರೆ ಓದಲಾಗದ ಸ್ಥಿತಿಯಲ್ಲಿ ಸಿಡಿಗಳಲ್ಲಿ, ಹಳೆಯ ಡಿಸ್ಕುಗಳಲ್ಲಿ ಬಿದ್ದಿವೆ. ಪಾಸ್‌ವರ್ಡಿಗಿಂತ ಇದು ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ. ಪಾಸ್‌ವರ್ಡಿನ ಬೀಗ ಕಣ್ಣಿಗೆ ಕಾಣುತ್ತದೆ, ತೆಗೆಸಲು ಜನ ಓಡಾಡುತ್ತಾರೆ. ಈ ಕಡತಗಳು ಇವೆ ಎಂದು ಮಾಲಕರು ನೆಮ್ಮದಿಯಿಂದ ಇದ್ದಾರೆ.

ಪರಿವರ್ತಕ ತಂತ್ರಾಂಶಗಳು ಈಗ ಉಚಿತವಾಗಿ ಸಿಗುತ್ತವೆ. ಅವುಗಳಿಂದ ಕಾಕಾನ ಮಾತುಗಳನ್ನು ಯೂನಿಕೋಡಿಗೆ ತಂದೆ. ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪಿದವು. ಹಳೆಯ ಫಾಂಟಿನಲ್ಲಿ ಅದನ್ನು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಇಡುತ್ತಿದ್ದೆವು, ಯೂನಿಕೋಡಿನಲ್ಲಿ ಉಚ್ಚರಿಸಿದಂತೆ ಮೊದಲು ಬರಬೇಕು. ನಡುನಡುವೆ ಇಂಗ್ಲಿಷಿನಲ್ಲೇ ಟೈಪಿಸಿದ್ದ ಪದಗಳು ಕನ್ನಡದ ತುಂಡುಗಳಾಗಿ ಒಡೆದವು. ಕುಳಿತು ತಿದ್ದಿದೆ, ಕೊನೆಯ ಸಾಲಿನಿಂದ ಮೇಲಕ್ಕೆ.

ತಿದ್ದುತ್ತ ಹೋದಂತೆ ನಾನು ಹೊತ್ತುಕೊಂಡು ಬಂದಿದ್ದ ಕಾಕಾ ಮತ್ತು ಕಡತದಲ್ಲಿರುವ ಕಾಕಾ ಪೂರ್ತಿ ಒಬ್ಬರೇ ಅಲ್ಲವೆಂದು ಕಂಡಿತು. ಅವರ ವಿದ್ಯೆ ನಾನು ನೆನಪಿಟ್ಟದ್ದಕ್ಕಿಂತ ದೊಡ್ಡದು. ಯಾವ ಪುರಾಣದ ಯಾವ ಮುದ್ರಣದಲ್ಲಿ ಯಾವ ಸಾಲು ಬಿಟ್ಟುಹೋಗಿತ್ತು ಎಂಬುದೂ ಅವರಿಗೆ ಗೊತ್ತಿತ್ತು. ಹೊಟ್ಟೆನೋವು, ಕೈ ಸೋಲುವುದು, ಮೈಯಲ್ಲಿ ರಕ್ತವಿಲ್ಲವೆಂದು ಡಾಕ್ಟರು ಹೇಳಿದ್ದು ಮತ್ತೆ ಮತ್ತೆ ಬರುತ್ತದೆ. ಮೊಳೆ ಎರಕ ಹೊಯ್ಯುವುದು ಸೀಸ, ತವರ, ಆಂಟಿಮನಿ ಸೇರಿಸಿ. ಅದರಲ್ಲಿ ಸೀಸದ್ದೇ ದೊಡ್ಡ ಪಾಲು. ದಿನವಿಡೀ ಸೀಸ ಮುಟ್ಟಿದ ಕೈಯಲ್ಲೇ ಅವರು ರೊಟ್ಟಿ ತಿನ್ನುತ್ತಿದ್ದರು, ಮೇಲೆ ಒಂದು ಚೂರು ಬೆಲ್ಲ. ಬೆಲ್ಲ ತಿಂದರೆ ಸೀಸ ಇಳಿಯುತ್ತದೆ ಎಂದು ಮಾಲಕರೇ ಬೆಲ್ಲ ಕೊಡಿಸುತ್ತಿದ್ದರು. ಬೆಲ್ಲದಿಂದ ಸೀಸ ಇಳಿಯುವುದಿಲ್ಲ. ಹೊಟ್ಟೆ ಹಿಂಡುವುದು, ಮಣಿಕಟ್ಟು ಸೋಲುವುದು, ರಕ್ತಹೀನತೆ ಸೀಸದ ವಿಷದ ಗುರುತುಗಳೆಂದು ವೈದ್ಯರಿಗೆ ಬಹಳ ಹಿಂದೆಯೇ ತಿಳಿದಿತ್ತು. ಕಾಕಾನ ರಕ್ತದಲ್ಲಿ ಸೀಸ ಎಷ್ಟಿತ್ತೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಅದೇ ಕಾರಣವೆಂದು ನಾನು ಹೇಳಲಾರೆ. ಪರೀಕ್ಷೆ ಮಾಡಿಸಬೇಕಿತ್ತು ಎಂದು ಹೇಳುತ್ತೇನೆ.

ಇನ್ನೊಂದು ಸಂಗತಿ ಕಡತದಲ್ಲಿ ಇಲ್ಲವೇ ಇಲ್ಲ. ಪಡಸಾಲೆಯ ಆ ತುದಿಯಲ್ಲಿ, ಗೋಣಿತಟ್ಟಿನ ಮೇಲೆ, ಮೂವರು ಹೆಂಗಸರು ಕೂಡುತ್ತಿದ್ದರು. ಅಚ್ಚಾಗಿ ಬಂದ ಹಾಳೆಗಳನ್ನು ಬಿದಿರಿನ ಚಕ್ಕೆಯಿಂದ ನೀವಿ ಫಾರ್ಮು ಮಡಚುವುದು, ಫಾರ್ಮುಗಳನ್ನು ಕ್ರಮವಾಗಿ ಜೋಡಿಸುವುದು, ಹೊಲಿಯುವುದು, ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟು ಹಚ್ಚುವುದು ಅವರ ಕೆಲಸ. ಕೂಲಿ ಸಾವಿರ ಫಾರ್ಮಿಗೆ ಇಷ್ಟು ಎಂದು, ಶನಿವಾರ ಸಂಜೆ. ಅವರ ನೀರಿನ ಕೊಡವನ್ನು ಬೇರೆ ಇಟ್ಟಿದ್ದರು. ಮಧ್ಯಾಹ್ನ ನಾನು ಅವರೊಡನೆಯೇ ಬುತ್ತಿ ಬಿಚ್ಚುತ್ತಿದ್ದೆ. ಅವರಲ್ಲಿ ಹಿರಿಯಾಕೆಯನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ಆಕೆಗೆ ಓದಲು ಬರುತ್ತಿರಲಿಲ್ಲ.

ಒಂದು ಸಲ ಪುರಾಣದ ದಪ್ಪ ಪುಸ್ತಕವೊಂದರ ಫಾರ್ಮು ಮಡಚುತ್ತಿದ್ದಾಗ ಆಕೆ ಕೈ ನಿಲ್ಲಿಸಿ, "ಇದು ಹೊಂದವಲ್ದು, ಯಾರರ ನೋಡ್ರಿ" ಎಂದಳು. ಪುಟಸಂಖ್ಯೆಯ ಅಂಕಿಗಳು ಅವಳಿಗೆ ಓದಲು ಬಾರದಿದ್ದರೂ ಯಾವುದರ ಬೆನ್ನಿಗೆ ಯಾವ ಆಕಾರ ಬರಬೇಕೆಂದು ಕಣ್ಣಿಗೆ ಗೊತ್ತಿತ್ತು. ನೋಡಿದರೆ ಪ್ಲೇಟಿನಲ್ಲೇ ಎರಡು ಪುಟ ಅದಲುಬದಲಾಗಿದ್ದವು. ಯಂತ್ರ ನಿಲ್ಲಿಸಿದರು, ಕಾಗದದ ದೊಡ್ಡ ನಷ್ಟ ತಪ್ಪಿತು. ನಾನು ಅಲ್ಲೇ ಇದ್ದೆ, ಕಣ್ಣಾರೆ ಕಂಡೆ. ಕಾಕಾ ಈ ಪ್ರಸಂಗವನ್ನು ಹೇಳಿದ್ದಾರೆ, ಕಡತದಲ್ಲಿ ಅದು ಇದೆ. "ಪುಟ ತಿರುವುಮುರುವಾಗಿದ್ದು, ನಾವು ಹಿಡದಿವಿ" ಎಂದಿದೆ. ನಾವು ಎಂದರೆ ಅವರು ಮತ್ತು ಆಫ್‌ಸೆಟ್ಟಿನವರು. ದೊಡ್ಡಕ್ಕನ ಸುದ್ದಿಯಿಲ್ಲ. ಇಷ್ಟು ಪುಟಗಳಲ್ಲಿ ಮಡಚುವ ಹೆಂಗಸರ ಸುದ್ದಿ ಒಂದು ಸಲವೂ ಬಂದಿಲ್ಲ. ಕಾಕಾನಿಗೆ ಅವರ ಮೇಲೆ ದ್ವೇಷವಿರಲಿಲ್ಲ. ಹಬ್ಬಕ್ಕೆ ಅವರ ಮಕ್ಕಳಿಗೆ ಪಾಟಿ, ಬಳಪ ಕೊಡಿಸುತ್ತಿದ್ದರು. ಆದರೆ ಅಚ್ಚಿನ ಕೆಲಸವೆಂದರೆ ಅಕ್ಷರದ ಕೆಲಸ ಎಂದು ಅವರು ತಿಳಿದಿದ್ದರು, ಮಡಚುವವರು ಆ ಲೆಕ್ಕದೊಳಗೆ ಬರಲಿಲ್ಲ. ಇಂಥ ಒಳ್ಳೆಯ ಮನುಷ್ಯರಿಂದಲೇ ಆ ಹೆಂಗಸರ ಹೆಸರು ಎಲ್ಲೂ ದಾಖಲಾಗದೆ ಹೋಯಿತು ಎಂದು ಈಗ ನನಗೆ ಅನ್ನಿಸುತ್ತದೆ. ಕಾಕಾನ ಮಾತನ್ನು ನಾನು ತಿದ್ದಲಿಲ್ಲ, ಅವರು ಹೇಳಿದ ಹಾಗೆಯೇ ಇದೆ. ಆ ಪ್ರಸಂಗದ ಕೆಳಗೆ ನನ್ನ ಹೆಸರಿನಲ್ಲಿ ಟಿಪ್ಪಣಿ ಬರೆದು, ಪುಟ ಹಿಡಿದವಳು ದೊಡ್ಡಕ್ಕ ಎಂದು ಸೇರಿಸಿದ್ದೇನೆ.

ಆ ಮುದ್ರಣಾಲಯ ಈಗ ಇಲ್ಲ, ಜಾಗದಲ್ಲಿ ಮೊಬೈಲ್ ಅಂಗಡಿಗಳಿವೆ. ದೊಡ್ಡಕ್ಕ ಬೆಟಗೇರಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋಗಿದ್ದೆ, ಮಾತಾಡುತ್ತಾಳೆ, ಬರೆದುಕೊಳ್ಳುತ್ತಿದ್ದೇನೆ. ಬರೆದದ್ದರ ಒಂದು ಪ್ರತಿ ಅವಳ ಮೊಮ್ಮಗಳ ಹತ್ತಿರವೂ ಇದೆ, ಪಾಸ್‌ವರ್ಡು ಒಂದು ಹಾಳೆಯ ಮೇಲೆ ಬರೆದು ಅವರ ಮನೆಯ ಟ್ರಂಕಿನಲ್ಲಿದೆ.

ಗದಗ, ಹುಬ್ಬಳ್ಳಿ, ಧಾರವಾಡದ ಕಡೆ, ಅಥವಾ ಬೇರಾವ ಊರಿನಲ್ಲೇ ಆಗಲಿ, ಮುದ್ರಣಾಲಯಗಳಲ್ಲಿ ಫಾರ್ಮು ಮಡಚಿದ, ಪುಸ್ತಕ ಹೊಲಿದ ಹೆಂಗಸರು ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇದ್ದರೆ ಅವರ ಹತ್ತಿರ ಹೋಗಿ ಕೇಳಿರಿ. ಅವರ ಹೆಸರು, ಊರು, ಕೆಲಸ ಮಾಡಿದ ವರ್ಷ, ಸಿಕ್ಕ ಕೂಲಿ ಬರೆದುಕೊಳ್ಳಿರಿ. ಬರೆಯುವುದನ್ನು ಯೂನಿಕೋಡಿನಲ್ಲಿ ಬರೆಯಿರಿ, ಒಂದು ಪ್ರತಿಯನ್ನು ಅವರ ಮನೆಯಲ್ಲೇ ಬಿಟ್ಟು ಬನ್ನಿ. ಅವರೆಲ್ಲ ಈಗ ವಯಸ್ಸಾದವರು, ದಯವಿಟ್ಟು ಈ ವರ್ಷವೇ ಹೋಗಿರಿ.